ಅಕ್ಕನ ಮಗಳ ಹೊಕ್ಕುಳಬಳ್ಳಿ

ಹೊಸಪೇಟೆಯ ಒಂದು ಹೆರಿಗೆ ಆಸ್ಪತ್ರೆಯ ಹಿಂದಿನ ವರಾಂಡದಲ್ಲಿ ಕಾಯುತ್ತ ಕೂರುವುದು ಆ ವರ್ಷಗಳಲ್ಲಿ ನನ್ನ ಸಂಶೋಧನೆಯ ಭಾಗವಾಗಿತ್ತು. ಒಳಗೆ ಹೆರಿಗೆಯಾದ ಮೇಲೆ ನರ್ಸ್ ಬಾಗಿಲು ಸರಿಸಿ ಸ್ಟೀಲಿನ ಟ್ರೇ ಚಾಚುತ್ತಿದ್ದರು. ಅದರಲ್ಲಿ ಎರಡೂ ತುದಿಗೆ ದಾರ ಬಿಗಿದ ಹೊಕ್ಕುಳಬಳ್ಳಿಯ ತುಂಡು ಇರುತ್ತಿತ್ತು, ಇನ್ನೂ ಬೆಚ್ಚಗೆ. ಅದನ್ನು ಉಪ್ಪುನೀರಿನ ಬಾಟಲಿಗೆ ಇಳಿಸಿ, ಬಾಟಲಿಯನ್ನು ಐಸ್ ತುಂಬಿದ ಥರ್ಮಾಸಿನಲ್ಲಿಟ್ಟುಕೊಂಡು ನಾನು ಬಳ್ಳಾರಿ ಬಸ್ಸು ಹತ್ತುತ್ತಿದ್ದೆ. ನಮ್ಮ ಲ್ಯಾಬ್ ಇದ್ದದ್ದು ಬಳ್ಳಾರಿಯಲ್ಲಿ. ನನ್ನ ಗೈಡ್ ಆಗಿದ್ದ ಮೇಡಂ ಮೈಸೂರು ಕಡೆಯವರು. ಹೊಸಪೇಟೆಯ ಡಾಕ್ಟರಮ್ಮ ಅವರ ಹಳೆಯ ಸಹಪಾಠಿ. ಕಂಪ್ಲಿಯ ಹುಡುಗಿಯಾದ ನನಗೆ ಬಾಣಂತಿಯರ ಮನೆಯವರ ಜೊತೆ ಅವರದೇ ಮಾತಿನಲ್ಲಿ ಮಾತಾಡಲು ಬರುತ್ತದೆ ಎಂಬ ಕಾರಣಕ್ಕೆ ಈ ಕೆಲಸ ನನಗೆ ಬಿತ್ತು.

ಮಾತಾಡುವುದು ಸುಲಭವೇನೂ ಇರಲಿಲ್ಲ. ಅಜ್ಜಿಯರಿಗೆ ಕೂಸಿನ ಹಿಂದೆ ಬೀಳುವ ಮಾಸು ಬೇಕಿತ್ತು, ಮಣ್ಣಿನಲ್ಲಿ ಹೂಳಲು. 'ಮಾಸು ನಿಮಗ ಕೊಡ್ತಾರವ್ವ, ನನಗ ಬಳ್ಳಿದು ಒಂದು ತುಂಡು ಸಾಕು' ಎನ್ನುತ್ತಿದ್ದೆ. ಕೆಲವರು ಒಪ್ಪುತ್ತಿದ್ದರು. ಕೆಲವರು ನನ್ನನ್ನು ಮೇಲಿಂದ ಕೆಳಗೆ ನೋಡಿ ಸೆರಗು ಹೊದ್ದು ಎದ್ದುಹೋಗುತ್ತಿದ್ದರು. ನಾನು ಒತ್ತಾಯ ಮಾಡುತ್ತಿರಲಿಲ್ಲ.

ಬಸ್ಸಿನ ಪ್ರಯಾಣವೇ ಅದಕ್ಕಿಂತ ಕಷ್ಟ. ಅದಿರಿನ ಲಾರಿಗಳು ಕಾರಿಗನೂರಿನಿಂದಲೇ ಸಾಲುಗಟ್ಟಿ ನಿಂತಿರುತ್ತಿದ್ದವು. ಚೀನಾದವರು ಮಣ್ಣು ಕೊಳ್ಳುತ್ತಾರಂತೆ ಎಂದು ಊರಿಗೆ ಊರೇ ಲಾರಿ ಹಿಂದೆ ಓಡುತ್ತಿದ್ದ ಕಾಲ. ಡಾಂಬರು ಇದ್ದ ಕಡೆ ಗುಂಡಿ, ಗುಂಡಿ ಇಲ್ಲದ ಕಡೆ ಕೆಂಪು ಹಿಟ್ಟಿನಂಥ ಧೂಳು. ಥರ್ಮಾಸನ್ನು ಮಡಿಲಲ್ಲಿಟ್ಟು, ಅದರ ಮೇಲೆ ದುಪಟ್ಟಾ ಹೊದಿಸಿ ಕೂತಿರುತ್ತಿದ್ದೆ. ಐಸ್ ಕರಗುವ ಮುನ್ನ ಲ್ಯಾಬ್ ಸೇರಿದರೆ ಬಳ್ಳಿಯ ನಾಳದೊಳಗಿನ ಕೋಶಗಳು ಬದುಕುತ್ತಿದ್ದವು. ತೋರಣಗಲ್ಲಿನ ಹತ್ತಿರ ಜಾಮ್ ಆದರೆ ಅರ್ಧ ಸತ್ತಿರುತ್ತಿದ್ದವು.

ಆ ಕೋಶಗಳೇ ನಮಗೆ ಬೇಕಾಗಿದ್ದವು. ರಕ್ತನಾಳದ ಒಳಗೋಡೆಗೆ ಒಂದೇ ಪದರವಾಗಿ ಹಾಸಿಕೊಂಡಿರುವ ಕೋಶಗಳು ಅವು. ರಕ್ತ ಅವುಗಳನ್ನು ಸವರಿಕೊಂಡೇ ಹರಿಯುತ್ತದೆ. ರಕ್ತದಲ್ಲಿ ಬರುವ ಸಂಕೇತಗಳನ್ನು ಕೇಳಿ ನಾಳ ಹಿಗ್ಗಬೇಕೋ ಬಿಗಿಯಬೇಕೋ, ಹೊಸ ಕವಲು ಒಡೆಯಬೇಕೋ ಎಂದು ತೀರ್ಮಾನಿಸುವುದು ಅವೇ. ಬಳ್ಳಿಯ ನಾಳವನ್ನು ತೊಳೆದು, ಒಳಗೆ ಕಿಣ್ವ ತುಂಬಿ, ಮೈಬಿಸಿಯಷ್ಟು ಶಾಖದಲ್ಲಿ ಇಟ್ಟರೆ ಕೋಶಗಳು ಗೋಡೆ ಬಿಟ್ಟು ಬರುತ್ತವೆ. ಅವನ್ನು ಗುಲಾಬಿ ಬಣ್ಣದ ಪೋಷಕ ದ್ರಾವಣದಲ್ಲಿ, ಚಪ್ಪಟೆ ಬಾಟಲಿಯ ತಳಕ್ಕೆ ಬಿತ್ತಿದರೆ ಅಲ್ಲೇ ಅಂಟಿಕೊಂಡು ಬೆಳೆಯುತ್ತವೆ.

ಅವುಗಳ ಮೇಲೆ ನಾನು ಒಂದು ಔಷಧ ಹಾಕುತ್ತಿದ್ದೆ. ಅದು ಹೊಸದೇನಲ್ಲ; ಪದೇ ಪದೇ ರಕ್ತ ಹಾಕಿಸಿಕೊಂಡು ಮೈಯಲ್ಲಿ ಕಬ್ಬಿಣ ಹೆಚ್ಚಾದ ಮಕ್ಕಳಿಗೆ ಆ ಕಬ್ಬಿಣ ತೆಗೆಯಲು ಕೊಡುವ ಔಷಧ. ಕೋಶದೊಳಗೆ ಅದು ಇನ್ನೊಂದು ಕೆಲಸವನ್ನೂ ಮಾಡುತ್ತದೆ. ನಮ್ಮ ಪ್ರತಿ ಕೋಶವೂ ಒಂದು ಪ್ರೋಟೀನನ್ನು ತಯಾರಿಸುತ್ತ, ತಯಾರಿಸಿದ ಕೂಡಲೇ ನಾಶಮಾಡುತ್ತ ಇರುತ್ತದೆ. ನಾಶಮಾಡಲು ಆಮ್ಲಜನಕ ಬೇಕು, ಚೂರು ಕಬ್ಬಿಣವೂ ಬೇಕು. ಆಮ್ಲಜನಕ ಕಡಿಮೆಯಾದಾಗ ಆ ಪ್ರೋಟೀನು ಉಳಿದುಬಿಡುತ್ತದೆ, ಕೋಶದ ಕೇಂದ್ರಕ್ಕೆ ಹೋಗಿ ಗಾಳಿ ಸಾಲದು ಎಂಬ ಸುದ್ದಿ ಮುಟ್ಟಿಸುತ್ತದೆ. ಕೋಶ ತನ್ನ ನಡವಳಿಕೆಯನ್ನೇ ಬದಲಿಸುತ್ತದೆ, ಹೊಸ ರಕ್ತನಾಳ ಬೇಕೆಂದು ಸುತ್ತಲಿನ ಕೋಶಗಳಿಗೆ ಸಂಕೇತ ಕಳಿಸುತ್ತದೆ. ನಮ್ಮ ಔಷಧ ಕಬ್ಬಿಣವನ್ನು ಕಚ್ಚಿ ಹಿಡಿಯುವುದರಿಂದ, ಗಾಳಿ ಬೇಕಾದಷ್ಟಿದ್ದರೂ ಪ್ರೋಟೀನು ನಾಶವಾಗುವುದಿಲ್ಲ. ಕೋಶ ತನಗೆ ಉಸಿರು ಸಿಗುತ್ತಿಲ್ಲವೆಂದೇ ನಂಬುತ್ತದೆ. ಹೀಗೆ ನಂಬಿದ ಕೋಶ, 'ಬೆಳೆ' ಎಂಬ ಸಂಕೇತವನ್ನು ನಿಜವಾಗಿ ಉಸಿರು ಸಿಗದ ಕೋಶದ ಹಾಗೇ ಕೇಳಿಸಿಕೊಳ್ಳುತ್ತದೆಯೇ? ನಾಳವನ್ನು ಸಡಿಲಿಸುವ ಅನಿಲವನ್ನು ಅಷ್ಟೇ ಬಿಡುತ್ತದೆಯೇ? ಇದು ನನ್ನ ಪಿಎಚ್.ಡಿ. ಪ್ರಶ್ನೆ.

ಅಕ್ಕನಿಗೆ ಇದನ್ನು ವಿವರಿಸಿದ್ದು ಸಂಡೂರು ಕಡೆಯ ಯಶವಂತನಗರದ ಅವಳ ಮನೆಯಲ್ಲಿ, ಒಂದು ಭಾನುವಾರ. ಭಾವ ಅಲ್ಲಿನ ಗಣಿಯೊಂದರ ವರ್ಕ್‌ಶಾಪಿನಲ್ಲಿ ಟಿಪ್ಪರ್ ಮೆಕ್ಯಾನಿಕ್. ಮಾತು ಕಡಿಮೆ, ಮನೆಗೆ ಬಂದರೆ ಹೊರಗಿನ ಕಟ್ಟೆ ಮೇಲೆ ಕೂತು ಸೀಮೆಎಣ್ಣೆಯಲ್ಲಿ ಕೈ ತಿಕ್ಕಿಕೊಳ್ಳುವುದೇ ಒಂದು ಗಂಟೆಯ ಕೆಲಸ. ಅಕ್ಕ ಬ್ಲೌಸ್ ಹೊಲಿಯುತ್ತಿದ್ದಳು. ಮದುವೆಯಾಗಿ ಬಹಳ ವರ್ಷ ಮಕ್ಕಳಿರಲಿಲ್ಲ. ಜನ ಕೇಳುವುದನ್ನೂ ಬಿಟ್ಟಿದ್ದರು. ಆಗ ಬಸುರಾದಳು.

ಬಂಡ್ರಿಯಿಂದ ಬರುತ್ತಿದ್ದ ಆರೋಗ್ಯ ಕಾರ್ಯಕರ್ತೆ ರಕ್ತ ಕಡಿಮೆ ಇದೆ ಎಂದು ಕಬ್ಬಿಣದ ಮಾತ್ರೆ ಕೊಟ್ಟಿದ್ದರು. ಅಕ್ಕ ಅದನ್ನು ನುಂಗಿ ಮುಖ ಕಿವುಚಿದಳು.

'ಮನ್ಯಾಗ, ಹಾಸಿಗ್ಯಾಗ, ಅನ್ನದಾಗ ಎಲ್ಲಾ ಕಡೆ ಕಬ್ಬಿಣ ಐತಿ. ನನ್ನ ಮೈಯಾಗ ಮಾತ್ರ ಇಲ್ಲಂತ' ಎಂದಳು. ಆಮೇಲೆ, 'ನೀ ಏನೋ ಕಬ್ಬಿಣ ತಗಿಯೋ ಔಷಧ ಹಾಕ್ತೀ ಅಂದಿ ಅಲ್ಲ, ಯಾಕ ಹಾಕ್ತೀ' ಎಂದು ಕೇಳಿದಳು.

ನಾನು ಹೇಳಿದೆ. ಅವಳು ಹೊಲಿಗೆ ಯಂತ್ರ ನಿಲ್ಲಿಸಿ ಕೇಳಿಸಿಕೊಂಡಳು.

'ಅಂದ್ರ ಗಾಳಿ ಇರ್ತೈತಿ. ನೀ ಇಲ್ಲಂತ ಸುಳ್ಳು ಹೇಳ್ತಿ.'

'ಹೂಂ. ಖರೇನ ಗಾಳಿ ತಗಿಯಾಕ ಬ್ಯಾರೆ ಡಬ್ಬಿ ಬೇಕು, ಗ್ಯಾಸ್ ಬೇಕು. ಔಷಧ ಸಸಾರ.'

'ಸುಳ್ಳು ಹೇಳಿದ್ರ ಏನು ಸಿಗ್ತೈತಿ?'

'ಕಾಲಿಗೆ ರಕ್ತ ಹೋಗದೆ ಕಪ್ಪಗಾಗ್ತೈತಿ ಅಲ್ಲ, ಅಂಥವರಿಗೆ ಹೊಸ ನಾಳ ಬೆಳಸಬಹುದು ಅಂತ ಆಸೆ. ಹೃದಯಕ್ಕೂ. ಆದ್ರ ನಾಳದ ಕೋಶಕ್ಕ ಇದರಿಂದ ಏನಾಕ್ಕೈತಿ ಅನ್ನೋದು ಮೊದ್ಲು ಗೊತ್ತಾಗಬೇಕು.'

'ಹಂಗಾರ ನಂದೂ ತಗೋ' ಎಂದಳು ಅಕ್ಕ. 'ಮಂದಿ ಮನಿ ಮುಂದ ಯಾಕ ಕೈಚಾಚ್ತಿ. ನನ್ನ ಹೆರಿಗಿ ಆದಾಗ ನನ್ನ ಬಳ್ಳಿ ತಗೊಂಡು ಹೋಗು.'

ಕಟ್ಟೆಯ ಮೇಲೆ ಭಾವ ಕೈ ತಿಕ್ಕಿಕೊಳ್ಳುತ್ತಿದ್ದ. ತಲೆಯಾಡಿಸಿದ ಹಾಗೆ ಕಂಡಿತು, ಅಷ್ಟೆ.

ಏಳು ತಿಂಗಳಾದ ಕೂಡಲೇ ಅವಳನ್ನು ಕಂಪ್ಲಿಗೆ ಕರೆದೊಯ್ಯಬೇಕೆಂದು ಅವ್ವ ಹೇಳುತ್ತಲೇ ಇದ್ದಳು. ಅಕ್ಕ ಒಪ್ಪಿಕೊಂಡಿದ್ದ ಬಟ್ಟೆ ಹೊಲಿದು ಮುಗಿಸಿ ಬರುತ್ತೇನೆಂದಳು. ಅಷ್ಟರಲ್ಲಿ ಕಾಲು ಬಾತುಕೊಳ್ಳತೊಡಗಿತು. ಚಪ್ಪಲಿ ಹಿಡಿಸುತ್ತಿಲ್ಲ ಎಂದು ಫೋನಿನಲ್ಲಿ ನಗುತ್ತ ಹೇಳಿದಳು. ಬೂತಿನಿಂದ ಮಾಡಿದ ಫೋನು. ಹಿಂದೆ ಲಾರಿಗಳ ಸದ್ದು. ತಲೆನೋವಿದೆಯೇ ಎಂದು ಕೇಳಿದೆ. ಇದೆ, ಧೂಳಿಗೆ ಬರುತ್ತದೆ, ಎಲ್ಲರಿಗೂ ಇದೆ ಎಂದಳು. ನಾಳೆಯೇ ಹೊಸಪೇಟೆಗೆ ಬಂದು ಬಿ.ಪಿ. ನೋಡಿಸು ಎಂದೆ. ಆಯಿತು ಎಂದಳು.

ಮರುದಿನ ಬೆಳಿಗ್ಗೆ ಕಣ್ಣು ಮಂಜಾಗುತ್ತಿದೆ ಎಂದಳಂತೆ. ಭಾವ ಕಂಪನಿಯ ಜೀಪು ಕೇಳಿ ತಂದು ಅವಳನ್ನು ಹಿಂದಿನ ಸೀಟಿನಲ್ಲಿ ಮಲಗಿಸಿಕೊಂಡು ಹೊರಟ. ಸಂಡೂರಿನವರೆಗೆ ಬಂದದ್ದು ಬೇಗ. ಅಲ್ಲಿಂದಾಚೆ ಘಾಟಿಯಲ್ಲಿ ಒಂದು ಲಾರಿಯ ಆಕ್ಸಲ್ ಮುರಿದು ರಸ್ತೆಗೆ ಅಡ್ಡ ನಿಂತಿತ್ತು. ಅದರ ಹಿಂದೆ ಮುಂದೆ ಕಣ್ಣು ಹಾಯುವವರೆಗೆ ಲಾರಿಗಳು. ಭಾವ ಜೀಪಿನಿಂದ ಇಳಿದು ಹೋಗಿ, ತಾನೇ ಆ ಲಾರಿಯ ಕೆಳಗೆ ಮಲಗಿ, ಅದರ ಡ್ರೈವರ್ ಜೊತೆ ಸೇರಿ ಜಾಕ್ ಕೊಟ್ಟು, ಒಂದು ಪಕ್ಕಕ್ಕೆ ಸರಿಸುವಷ್ಟು ಮಾಡಿದನಂತೆ. ಇದನ್ನು ಅವನು ಯಾರಿಗೂ ಹೇಳಲಿಲ್ಲ. ಆಸ್ಪತ್ರೆಗೆ ಬಂದಾಗ ಅವನ ಅಂಗಿಯ ಬೆನ್ನಿಡೀ ಕೆಂಪು ಧೂಳಾಗಿತ್ತು; ಅದು ಯಾಕೆಂದು ಅಕ್ಕ ಆಮೇಲೆ ಹೇಳಿದ್ದರಿಂದ ನನಗೆ ಗೊತ್ತಾಯಿತು.

ಸುದ್ದಿ ತಿಳಿದು ನಾನು ಬಳ್ಳಾರಿಯಿಂದ ಬರುವ ಹೊತ್ತಿಗೆ ಡಾಕ್ಟರಮ್ಮ ಅವಳನ್ನು ಆಪರೇಷನ್ನಿಗೆ ಸಿದ್ಧ ಮಾಡಿಸಿದ್ದರು. ನನ್ನನ್ನು ವರಾಂಡದಲ್ಲಿ ಎಷ್ಟೋ ಸಲ ನೋಡಿದ್ದವರು ಅವರು; ಆವತ್ತು ಬಾಣಂತಿಯ ಕಡೆಯವಳಾಗಿ ನಿಂತಿದ್ದೆ.

'ನಂಜು ಏರೈತಿ. ಬಿ.ಪಿ. ಇಳೀವಲ್ದು, ಫಿಟ್ಸ್ ಬಂದ್ರ ತಾಯಿ ಉಳಿಯೋದು ಕಷ್ಟ. ಕೂಸು ಸಣ್ಣದೈತಿ, ಆದ್ರೂ ತಗೀಬೇಕು' ಎಂದರು.

ಬಸುರಿನ ನಂಜಿನ ಬಗ್ಗೆ ಆ ವರ್ಷವೇ ನಾನು ಓದಿದ್ದೆ. ಮಾಸಿಗೆ ರಕ್ತ ಸಾಲದೆ ಉಸಿರು ಕಟ್ಟಿದಾಗ ಅದು ತಾಯಿಯ ರಕ್ತಕ್ಕೆ ಒಂದು ಪ್ರೋಟೀನನ್ನು ಬಿಡುತ್ತದೆ. ಆ ಪ್ರೋಟೀನು, ನಾಳದ ಕೋಶಗಳಿಗೆ ತಲುಪಬೇಕಾದ ಬೆಳವಣಿಗೆಯ ಸಂಕೇತವನ್ನು ದಾರಿಯಲ್ಲೇ ಹೀರಿಬಿಡುತ್ತದೆ. ಸಂಕೇತ ಸಿಗದ ಕೋಶಗಳು ಸಡಿಲಿಸುವ ಅನಿಲ ಬಿಡುವುದಿಲ್ಲ. ಮೈಯ ನಾಳಗಳೆಲ್ಲ ಬಿಗಿಯುತ್ತವೆ, ಮೂತ್ರಪಿಂಡ ಸೋರುತ್ತದೆ, ಕಾಲು ಬಾಯುತ್ತದೆ, ಕಣ್ಣು ಮಂಜಾಗುತ್ತದೆ. ಲ್ಯಾಬಿನಲ್ಲಿ ನಾನು ದಿನವೂ ಹೆಸರು ಹಿಡಿದು ಕರೆಯುತ್ತಿದ್ದ ಅಣುಗಳೇ ಅವು. ಸ್ಟ್ರೆಚರಿನ ಮೇಲೆ ಅಕ್ಕನ ಮುಖ ಬಾತು ಗುರುತು ಸಿಗದ ಹಾಗಿತ್ತು, ಅವಳ ಬಳೆಗಳನ್ನು ನರ್ಸ್ ಸೋಪು ಹಚ್ಚಿ ತೆಗೆಯುತ್ತಿದ್ದರು. ನನಗೆ ತಿಳಿದಿದ್ದ ಯಾವುದೂ ಅಲ್ಲಿ ಯಾರಿಗೂ ಬೇಕಾಗಿರಲಿಲ್ಲ. ಡಾಕ್ಟರಮ್ಮನಿಗೆ ಬೇಕಾದದ್ದು ರಕ್ತ. ನಾನು ಕೊಟ್ಟೆ.

ಹೆಣ್ಣು ಕೂಸು. ಒಂದು ಅಂಗೈ ಮತ್ತು ಮುಂಗೈಯಷ್ಟಿತ್ತು. ಅತ್ತಿತು, ಬೆಕ್ಕಿನ ಮರಿಯ ಹಾಗೆ. ಅದನ್ನು ಪಕ್ಕದ ಕೋಣೆಯ ಗಾಜಿನ ಪೆಟ್ಟಿಗೆಯಲ್ಲಿಟ್ಟು ತಲೆಯ ಮೇಲೆ ಆಮ್ಲಜನಕ ಹಾಯುವ ಪ್ಲಾಸ್ಟಿಕ್ ಬುರುಡೆ ಕವುಚಿದರು. ಅವ್ವ ಕಂಪ್ಲಿಯಿಂದ ಬಂದಿದ್ದಳು. ಗಾಜಿನಾಚೆಯಿಂದ ನೋಡಿ, 'ನಮ್ಮ ಅತ್ತಿ ಮೂಗು' ಎಂದಳು.

ನರ್ಸ್ ಎಂದಿನಂತೆ ಟ್ರೇ ಹಿಡಿದು ಬಂದರು. ಅಕ್ಕ ಅವರಿಗೆ ಮೊದಲೇ ಹೇಳಿಟ್ಟಿದ್ದಳಂತೆ. ನಾನು ಅದನ್ನು ಬಾಟಲಿಗಿಳಿಸಿ ಆಸ್ಪತ್ರೆಯ ಫ್ರಿಜ್ಜಿನಲ್ಲಿಟ್ಟೆ. ಮರೆತುಬಿಡೋಣ ಎಂದುಕೊಂಡೆ. ಮರುದಿನ ಬೆಳಿಗ್ಗೆ ಅಕ್ಕನಿಗೆ ಪೂರ್ತಿ ಎಚ್ಚರವಾಯಿತು. ಕೂಸು ಹೇಗಿದೆ ಎಂದು ಕೇಳಿದಳು. ಇದೆ, ಉಸಿರಾಡುತ್ತಿದೆ ಎಂದೆವು. ನನ್ನನ್ನು ನೋಡಿ, 'ಬಳ್ಳಿ ತಗೊಂಡ್ಯಾ' ಎಂದಳು.

'ಫ್ರಿಜ್ಜಿನಾಗ ಐತಿ.'

'ಮತ್ತ ಇಲ್ಲ್ಯಾಕ ಕುಂತೀ. ಕೆಡತೈತಿ. ಜಲ್ದಿ ಹೋಗಿ ಬಾ. ನಾ ಎಲ್ಲಿ ಓಡಿ ಹೋಗ್ತೀನಿ.'

ಹೋದೆ. ಲ್ಯಾಬಿನಲ್ಲಿ ಆ ತುಂಡನ್ನು ಬಟ್ಟಲಿನಲ್ಲಿಟ್ಟು ತೊಳೆದೆ. ರೂಢಿಯ ಕೆಲಸ ಕೈಗೆ ಒಂದು ಥರದ ಸಮಾಧಾನ ಕೊಡುತ್ತದೆ. ಬೇರೆ ಬಳ್ಳಿಗಳಿಗಿಂತ ಇದು ತೆಳುವಾಗಿತ್ತು. ಕಿಣ್ವ ತುಂಬಿ, ಕಾದು, ಕೋಶಗಳನ್ನು ಬಾಟಲಿಗೆ ಬಿತ್ತಿ ಇನ್‌ಕ್ಯುಬೇಟರಿನಲ್ಲಿಟ್ಟೆ. ಬಾಗಿಲು ಮುಚ್ಚುವಾಗಲೇ ಕಾರಿಡಾರಿನ ಫೋನು ಬಡಿದುಕೊಂಡಿತು. ಮೇಡಂ ಎತ್ತಿದರು. ನನ್ನ ಹೆಸರು ಕರೆಯದೆ, ಹತ್ತಿರ ಬಂದು ನಿಂತು, 'ನೀನು ಊರಿಗೆ ಹೊರಡು' ಎಂದರು.

ಕೂಸು ಮಧ್ಯಾಹ್ನ ಹೋಗಿತ್ತು. ಶ್ವಾಸಕೋಶ ಇನ್ನೂ ಮಾಗಿರಲಿಲ್ಲ. ಪ್ರತಿ ಉಸಿರಿಗೂ ಎದೆಯ ಕೆಳಗೆ ಗುಳಿ ಬೀಳುತ್ತಿತ್ತು ಎಂದು ಅವ್ವ ಹೇಳಿದಳು. ಅಕ್ಕ ನೋಡಬೇಕೆಂದು ಹಟ ಹಿಡಿದಿದ್ದಕ್ಕೆ ಗಾಲಿ ಕುರ್ಚಿಯಲ್ಲಿ ಕೂರಿಸಿ ಕರೆದೊಯ್ದಿದ್ದರಂತೆ. ಕೊನೆಯ ಹೊತ್ತು ಪೂರ್ತಿ ಅವಳು ಗಾಜಿನ ಪಕ್ಕದಲ್ಲೇ ಇದ್ದಳು. ಭಾವ ಮತ್ತು ನಮ್ಮಪ್ಪ ಕೂಸನ್ನು ಕಂಪ್ಲಿಗೆ ಒಯ್ದು ಹೊಳೆಯ ದಂಡೆಯ ನಮ್ಮ ಮಂದಿಯನ್ನು ಮಣ್ಣು ಮಾಡುವ ಜಾಗದಲ್ಲಿ ಇಟ್ಟರು. ಮನೆಗೆ ಬಂದ ಮೇಲೆ ಅಪ್ಪ ಬುದ್ಧನ ಪಟದ ಮುಂದೆ ಮೇಣದಬತ್ತಿ ಹಚ್ಚಿ ವಂದನೆ ಹೇಳಲು ಶುರುಮಾಡಿ, ನಡುವೆ ನಿಲ್ಲಿಸಿದ. ಅಪ್ಪ ಅಕ್ಕಿ ಗಿರಣಿಯ ಬಾಯ್ಲರ್ ಮುಂದೆ ಜೀವಮಾನ ಕಳೆದವನು. ಅವನ ದನಿ ಒಡೆದದ್ದನ್ನು ನಾನು ಕೇಳಿದ್ದು ಅದೇ ಮೊದಲು.

ಅಕ್ಕನ ಬಿ.ಪಿ. ಇಳಿಯಲು ವಾರಗಳೇ ಬೇಕಾದವು. ಅವಳು ಕಂಪ್ಲಿಯಲ್ಲಿ ಬಾಣಂತನ ಮಾಡಿಸಿಕೊಂಡಳು. ಕೂಸಿಲ್ಲದ ಬಾಣಂತನ. ಅವ್ವ ಅವಳ ಎದೆಗೆ ಬಟ್ಟೆ ಬಿಗಿದು ಕಟ್ಟಿದಳು. ಎಣ್ಣೆ, ಬಿಸಿನೀರು, ಕೊಬ್ಬರಿಖಾರ, ಎಲ್ಲವೂ ನಡೆದವು.

ಲ್ಯಾಬಿನ ಬಾಟಲಿಯಲ್ಲಿ ಕೋಶಗಳು ಬೆಳೆಯುತ್ತಿದ್ದವು. ಕರೆಂಟು ಹೋಗಿ ಬಂದು ಮಾಡುತ್ತಿದ್ದ ಬಳ್ಳಾರಿಯ ಬೇಸಿಗೆಯಲ್ಲಿ ಎಷ್ಟೋ ಒಳ್ಳೆಯ ಬಳ್ಳಿಗಳ ಕೋಶಗಳು ಸತ್ತುಹೋಗಿದ್ದವು. ಇವು ನಿಧಾನವಾಗಿ, ಹಟ ಹಿಡಿದಂತೆ ಹರಡಿದವು. ನಂಜಾದ ತಾಯಿಯ ಬಳ್ಳಿಯನ್ನು ನಮ್ಮ ಪ್ರಯೋಗಕ್ಕೆ ಸೇರಿಸುವಂತಿರಲಿಲ್ಲ, ಅದು ನಾವೇ ಮಾಡಿಕೊಂಡ ನಿಯಮ. ಆದರೆ ಮೇಡಂ ಒಂದು ದಿನ ಮೈಕ್ರೋಸ್ಕೋಪಿನಿಂದ ತಲೆಯೆತ್ತಿ ಹೇಳಿದರು:

'ಇವನ್ನು ಬೇರೆಯಾಗಿಯೇ ಇಟ್ಟು ನೋಡಬಹುದು. ನಂಜಿನ ಬಸಿರಿನ ಕೋಶ ನಮಗೆ ಸಿಗುವುದೇ ಅಪರೂಪ. ಗರ್ಭದಲ್ಲೇ ಆಮ್ಲಜನಕದ ಕೊರತೆ ಕಂಡಿರುವ ಕೋಶಗಳು. ಇವಕ್ಕೆ ಔಷಧ ಹಾಕಿದರೆ ಪ್ರತಿಕ್ರಿಯೆ ಹೇಗಿರುತ್ತದೆ ಅಂತ ಯಾರಿಗೂ ಸರಿಯಾಗಿ ತಿಳಿದಿಲ್ಲ.' ಮತ್ತೆ ಮೈಕ್ರೋಸ್ಕೋಪಿಗೆ ಬಗ್ಗುತ್ತ, 'ನಿನ್ನ ಅಕ್ಕನನ್ನು ಕೇಳದೆ ಬೇಡ. ಅವರು ಕೊಟ್ಟಾಗ ಪರಿಸ್ಥಿತಿ ಬೇರೆ ಇತ್ತು' ಎಂದರು.

ಕೇಳಬೇಕಾದವಳು ನಾನೇ. ಕಂಪ್ಲಿಗೆ ಹೋದಾಗ ಮೂರು ಹೊತ್ತು ಊಟ ಮಾಡಿಯೂ ಬಾಯಿ ಬರಲಿಲ್ಲ. ಕೊನೆಗೆ ಹೊರಡುವ ಮುಂಚೆ, ಬಳ್ಳಿಯಿಂದ ತೆಗೆದ ಕೋಶಗಳು ಇನ್ನೂ ಇವೆ ಎಂದಷ್ಟೇ ಹೇಳಿದೆ.

ಅಕ್ಕ ಕೂದಲು ಬಾಚಿಕೊಳ್ಳುತ್ತಿದ್ದಳು. ಬಾಚಣಿಕೆ ನಿಂತಿತು.

'ಅದಾವ ಅಂದ್ರ? ಜೀವ ಐತೇನು ಅವಕ್ಕ?'

'ಐತಿ.'

'ನಾ ನೋಡಬೇಕು.'

ಅವ್ವ ಬೇಡವೆಂದಳು. ಬಾಣಂತಿ ಮೈ, ಧೂಳಿನ ದಾರಿ. ಅಕ್ಕ ಆಗಲೇ ಸೀರೆ ಬದಲಿಸುತ್ತಿದ್ದಳು. ಕುರುಗೋಡಿನ ಮೇಲೆ ಹೋಗುವ ಬಸ್ಸಿನಲ್ಲಿ ಇಬ್ಬರೂ ಬಳ್ಳಾರಿಗೆ ಹೋದೆವು. ಅವಳು ಕಿಟಕಿಯ ಪಕ್ಕ ಕೂತು ಗದ್ದೆ ನೋಡುತ್ತಿದ್ದಳು.

ಲ್ಯಾಬಿನಲ್ಲಿ ಅವಳಿಗೆ ಚಪ್ಪಲಿ ಬಿಡಿಸಿ, ಬಿಳಿ ಕೋಟು ಹಾಕಿಸಿದೆ. ಮೇಡಂ ಬಂದು ಕೈಮುಗಿದು ತಮ್ಮ ಕೋಣೆಗೆ ಹೋದರು. ನಾನು ಬಾಟಲಿಯನ್ನು ಮೈಕ್ರೋಸ್ಕೋಪಿನ ಕೆಳಗಿಟ್ಟು, ಅವಳ ಕಣ್ಣಿಗೆ ಹೊಂದುವಂತೆ ತಿರುಗಿಸಿ, ಒಂದು ಕಣ್ಣು ಮುಚ್ಚದೆ ಎರಡೂ ತೆರೆದು ನೋಡು ಎಂದೆ.

ಬಹಳ ಹೊತ್ತು ನೋಡಿದಳು. ಕೈಗಳು ಮಡಿಲಲ್ಲೇ ಇದ್ದವು, ಎಲ್ಲಿ ಮುಟ್ಟಿಬಿಡುತ್ತೇನೋ ಎಂಬಂತೆ.

'ಅಲ್ಲಾಡವಲ್ವು' ಎಂದಳು.

'ಅಲ್ಲಾಡ್ತಾವ. ಭಾಳ ನಿಧಾನ. ನಮ್ಮ ಕಣ್ಣಿಗೆ ಕಾಣಂಗಿಲ್ಲ.'

'ಇವು ನನ್ನವಾ, ಅಕಿವಾ?'

ಈ ಪ್ರಶ್ನೆಯನ್ನು ನನಗೆ ಯಾರೂ ಕೇಳಿರಲಿಲ್ಲ. ಬಳ್ಳಿ ತಾಯಿಯದೆಂದೇ ಎಲ್ಲರೂ ತಿಳಿದು ತಾಯಿಯನ್ನು ಕೇಳಿ ಪಡೆಯುತ್ತೇವೆ. ಆದರೆ ಹೊಕ್ಕುಳಬಳ್ಳಿಯ ನಾಳ ಬೆಳೆಯುವುದು ಕೂಸಿನ ಕಡೆಯಿಂದ.

'ಅಕಿವು' ಎಂದೆ.

ಅಕ್ಕ ಮತ್ತೆ ಬಗ್ಗಿ ನೋಡಿದಳು. ಈ ಸಲ ಇನ್ನೂ ಹೆಚ್ಚು ಹೊತ್ತು. ಆಮೇಲೆ ನಾನು ಮೇಡಂ ಹೇಳಿದ್ದನ್ನು ಹೇಳಿದೆ, ಯಾವ ಮಾತನ್ನೂ ಮೃದು ಮಾಡದೆ. ಇವಕ್ಕೆ ಔಷಧ ಹಾಕಿ ನೋಡಬಹುದು, ಇಂಥ ಕೋಶ ಸಿಗುವುದು ಅಪರೂಪ, ನಂಜಾದ ಬೇರೆ ಹೆಂಗಸರಿಗೆ ಎಂದಾದರೂ ಉಪಯೋಗಕ್ಕೆ ಬಂದರೂ ಬರಬಹುದು, ಬರದೆಯೂ ಇರಬಹುದು. ಇಷ್ಟವಿಲ್ಲದಿದ್ದರೆ ಇಲ್ಲ.

'ಔಷಧ ಹಾಕಿದ್ರ ನೋವಾಕ್ಕೈತೇನು?'

'ಇಲ್ಲ. ನೋವು ತಿಳಿಯೋ ನರ ಇವಕ್ಕ ಇಲ್ಲ.'

'ಉಸಿರು ಸಿಗವಲ್ದು ಅನ್ನಿಸ್ತೈತಿ ಅಂದಿದ್ದಿ.'

'ಅದು ನಾವು ಹೇಳೋ ಮಾತು. ಅವಕ್ಕ ಅನ್ನಿಸೋದಂತ ಏನೂ ಇರಂಗಿಲ್ಲ. ಒಂದು ಪ್ರೋಟೀನು ಜಾಸ್ತಿ ಆಕ್ಕೈತಿ, ಅಷ್ಟ.'

ಅವಳು ನನ್ನ ಮುಖ ನೋಡಿದಳು. ಕಣ್ಣಲ್ಲಿ ನೀರಿರಲಿಲ್ಲ.

'ನೀ ಕಲತಾಕಿ, ನೀ ಹೇಳೋದು ಖರೇನ ಇರ್ತೈತಿ. ನಾ ಅಕಿ ಪಕ್ಕ ಕುಂತು ನೋಡೀನಿ. ಒಂದೊಂದು ಉಸಿರಿಗೂ ಎಷ್ಟು ಒದ್ದಾಡಿತು. ಒಂದ್ಸಲ ಸಾಕು. ಇವಕ್ಕ ಹಾಕಬ್ಯಾಡ.'

'ಆತು' ಎಂದೆ.

'ಬ್ಯಾರೆ ಮಂದಿವಕ್ಕ ಹಾಕು, ನಾ ಬ್ಯಾಡ ಅನ್ನಂಗಿಲ್ಲ. ಕೆಲಸ ಬಿಡಬ್ಯಾಡ. ಇವು ಮಾತ್ರ ಹಿಂಗ ಇರ್ಲಿ. ಎಷ್ಟು ದಿನ ಇರ್ತಾವೋ ಇರ್ಲಿ.'

ಮೇಡಂಗೆ ಹೇಳಿದಾಗ ಅವರು ಕನ್ನಡಕ ತೆಗೆದು ಒರೆಸುತ್ತ ಕೂತರು. 'ಕೋಶಕ್ಕೆ ಉಸಿರು ಕಟ್ಟುವುದಿಲ್ಲ ಅಂತ ಅವರಿಗೆ ಹೇಳಿದೆಯಾ' ಎಂದರು.

'ಹೇಳಿದೆ ಮೇಡಂ.'

'ಸರಿ ಹಾಗಾದರೆ.' ನಿರಾಶೆ ಅವರ ದನಿಯಲ್ಲಿತ್ತು, ಅದನ್ನು ಮುಚ್ಚಿಡಲು ಅವರು ಪ್ರಯತ್ನಿಸಲಿಲ್ಲ. ಆದರೆ ಆ ಬಾಟಲಿಯನ್ನು ಇನ್‌ಕ್ಯುಬೇಟರಿನ ಮೇಲಿನ ಅರೆಯಲ್ಲಿ ಬೇರೆ ಇಡಿಸಿದರು, ಅದಕ್ಕೆ ಖರ್ಚಾಗುವ ಪೋಷಕ ದ್ರಾವಣದ ಬಗ್ಗೆ ಒಮ್ಮೆಯೂ ಮಾತೆತ್ತಲಿಲ್ಲ. ಆ ದ್ರಾವಣಕ್ಕೆ ಬೆರೆಸುವ ಸೀರಮ್ಮಿಗೆ ಎಷ್ಟು ಪರದಾಡುತ್ತಿದ್ದೆವು ಎಂಬುದು ಗೊತ್ತಿದ್ದವರಿಗೆ ಅದು ಸಣ್ಣ ವಿಷಯವಲ್ಲ.

ಉಳಿದ ಬಳ್ಳಿಗಳ ಕೋಶಗಳ ಮೇಲೆ ನನ್ನ ಕೆಲಸ ಮುಂದುವರಿಯಿತು. ಹೊಸಪೇಟೆಯ ವರಾಂಡಕ್ಕೆ ಮತ್ತೆ ಹೋಗತೊಡಗಿದೆ. ಒಂದೆರಡು ಸಲ ಟ್ರೇ ಬಂದಾಗ ಮುಖ ಆಚೆ ತಿರುಗಿಸಿಕೊಂಡಿದ್ದೆ, ಆಮೇಲೆ ಅದೂ ರೂಢಿಯಾಯಿತು. ನನ್ನ ಪ್ರಬಂಧದಲ್ಲಿ ಕೊನೆಗೆ ಹೇಳಲು ಸಿಕ್ಕಿದ್ದು ಸ್ವಲ್ಪ. ಔಷಧ ಹಾಕಿದ ಕೋಶ ಹೊಸ ನಾಳ ಬೇಕೆಂದು ಜೋರಾಗಿಯೇ ಸಂಕೇತ ಕಳಿಸುತ್ತದೆ. ಆದರೆ ಔಷಧ ಹೆಚ್ಚು ಹೊತ್ತು ಉಳಿದಷ್ಟೂ, ಅಂಥ ಸಂಕೇತ ತನಗೇ ಬಂದಾಗ ಅದಕ್ಕೆ ಓಗೊಡುವ ಶಕ್ತಿ ಅದರಲ್ಲಿ ಕುಂದುತ್ತದೆ. ನಿಜವಾಗಿ ಗಾಳಿ ತೆಗೆದು ಮತ್ತೆ ಕೊಟ್ಟ ಕೋಶ ಬೇಗ ಚೇತರಿಸಿಕೊಳ್ಳುತ್ತದೆ. ಸುಳ್ಳಿಗೆ ಸಿಕ್ಕ ಕೋಶ, ಔಷಧ ತೊಳೆದ ಮೇಲೂ, ನಮ್ಮ ಪ್ರಯೋಗಗಳ ಮಟ್ಟಿಗೆ, ತಡಮಾಡುತ್ತಿತ್ತು. ಕಬ್ಬಿಣ ಬೇಕಾಗುವುದು ಆ ಒಂದು ಪ್ರೋಟೀನಿನ ನಾಶಕ್ಕೆ ಮಾತ್ರವಲ್ಲ, ಕೋಶ ಒಡೆದು ಎರಡಾಗುವುದಕ್ಕೂ ಬೇಕು. ಆದ್ದರಿಂದ ಔಷಧದ ಪರಿಣಾಮವನ್ನು ಉಸಿರಿನ ಕೊರತೆಯ ನಕಲು ಎಂದಷ್ಟೇ ಓದಬಾರದು. ಪರೀಕ್ಷಕರು ಇದು ಎಚ್ಚರಿಕೆಯ ತೀರ್ಮಾನ ಎಂದರು. ನಂಜಿನ ಬಸಿರಿನ ಕೋಶಗಳನ್ನೂ ಹೋಲಿಸಿ ನೋಡಬಹುದಿತ್ತಲ್ಲ ಎಂದು ಒಬ್ಬರು ಕೇಳಿದರು. ಸಿಗಲಿಲ್ಲ ಎಂದು ಮೇಡಂ ನನಗಿಂತ ಮೊದಲೇ ಉತ್ತರ ಕೊಟ್ಟರು.

ಅಕ್ಕನ ಬಾಟಲಿಯ ಕೋಶಗಳನ್ನು, ಜಾಗ ತುಂಬಿದಾಗಲೆಲ್ಲ, ಬಿಡಿಸಿ ಹೊಸ ಬಾಟಲಿಗೆ ದಾಟಿಸುತ್ತಿದ್ದೆ. ಬಳ್ಳಿಯ ಕೋಶಗಳು ಕೆಲವು ಸಲವಷ್ಟೇ ಹಾಗೆ ದಾಟಬಲ್ಲವು. ಆಮೇಲೆ ಮುದಿಯಾಗುತ್ತವೆ. ಅಗಲವಾಗಿ, ಚಪ್ಪಟೆಯಾಗಿ, ಒಳಗೆಲ್ಲ ಗುಳ್ಳೆ ಗುಳ್ಳೆಯಾಗಿ, ಒಡೆದು ಎರಡಾಗುವುದನ್ನೇ ನಿಲ್ಲಿಸುತ್ತವೆ. ನನ್ನ ಪ್ರಬಂಧ ಮುಗಿಯುವುದಕ್ಕೆ ಬಹಳ ಮೊದಲೇ ಇವುಗಳಿಗೂ ಹಾಗೇ ಆಯಿತು. ದಿನ ಬಿಟ್ಟು ದಿನ ದ್ರಾವಣ ಬದಲಿಸಿದೆ. ಒಂದೊಂದಾಗಿ ತಳ ಬಿಟ್ಟು ತೇಲತೊಡಗಿದವು. ತಳದಲ್ಲಿ ಏನೂ ಉಳಿಯದ ದಿನ ಬಾಟಲಿಯನ್ನು ಎಲ್ಲ ಬಾಟಲಿಗಳ ಹಾಗೆ ಬಿಸಿ ಹಬೆಯಲ್ಲಿ ಶುದ್ಧಮಾಡಿ ಸುಡುವ ಕಸಕ್ಕೆ ಕಳಿಸಬೇಕಿತ್ತು. ಕಳಿಸಿದೆ.

ಅಷ್ಟರಲ್ಲಿ ಅಕ್ಕ ಯಶವಂತನಗರಕ್ಕೆ ವಾಪಸು ಹೋಗಿದ್ದಳು. ಫೋನಿನಲ್ಲಿ ಹೇಳುವ ಮಾತಲ್ಲ ಎಂದು ನಾನೇ ಹೋದೆ. ಅವಳು ನೆಲದ ಮೇಲೆ ಬಟ್ಟೆ ಹಾಸಿಕೊಂಡು ಕತ್ತರಿಸುತ್ತಿದ್ದಳು. ಯಾವುದೋ ಮದುಮಗಳ ಹಸಿರು ಬ್ಲೌಸು. ಹೇಳಿದೆ.

'ಎಲ್ಲಾ?'

'ಎಲ್ಲಾ.'

ಕತ್ತರಿ ಹೊರಟಿದ್ದ ಗೆರೆಯ ಮೇಲೆ ಕೊನೆಯವರೆಗೂ ಹೋಯಿತು. ತುಂಡನ್ನು ಮಡಿಸಿ ಪಕ್ಕಕ್ಕಿಟ್ಟಳು. 'ಕುಂದ್ರು, ರೊಟ್ಟಿ ಮಾಡ್ತೀನಿ' ಎಂದು ಎದ್ದಳು. ಒಲೆಯ ಮುಂದೆ ಹಿಟ್ಟು ನಾದುತ್ತ ನನ್ನ ಕೆಲಸ ಎಂದು ಮುಗಿಯುತ್ತದೆ, ಮುಂದೆ ಎಲ್ಲಿ ನೌಕರಿ ಎಂದು ಕೇಳಿದಳು. ಬಿ.ಪಿ.ಯ ಮಾತ್ರೆ ಇನ್ನೂ ನುಂಗುತ್ತಿದ್ದಾಳೆ ಎಂದು ಗೊತ್ತಾಯಿತು. ಇನ್ನೊಮ್ಮೆ ಬಸುರಾಗುವುದು ಬೇಡ ಎಂದು ಡಾಕ್ಟರಮ್ಮ ಹೇಳಿದ್ದನ್ನು ಅವಳಾಗಿಯೇ ಹೇಳಿದಳು, ಬೇರೆ ಯಾರದೋ ಸುದ್ದಿಯಂತೆ.

ಸಂಜೆ ಭಾವ ನನ್ನನ್ನು ಬಸ್ಸಿಗೆ ಬಿಡಲು ಬಂದ. ಶಿಫ್ಟು ಬಿಟ್ಟ ಹೊತ್ತು. ಕಂಪನಿಯ ಬಸ್ಸುಗಳಿಂದ ಜನ ಇಳಿಯುತ್ತಿದ್ದರು, ಹುಬ್ಬು ಮೀಸೆಯೆಲ್ಲ ಒಂದೇ ಬಣ್ಣ. ಟೀ ಅಂಗಡಿಯ ಪಕ್ಕದ ಬೇವಿನ ಮರದ ಕೆಳಗೆ ನಿಂತೆವು. ಅವನು ಬಹಳ ಹೊತ್ತು ರಸ್ತೆಯನ್ನೇ ನೋಡುತ್ತಿದ್ದ.

'ಅವು ನೋಡಾಕ ಹೆಂಗಿದ್ದವು?' ಎಂದು ಕೇಳಿದ.

ಮೊದಲು ನನಗೆ ಅರ್ಥವಾಗಲಿಲ್ಲ. ಆಮೇಲೆ ಆಯಿತು. ಇಷ್ಟು ತಿಂಗಳಲ್ಲಿ ಅವನು ಆ ಮಾತು ಎತ್ತಿರಲೇ ಇಲ್ಲ, ನಾವೂ ಅವನನ್ನು ಕೇಳಿರಲಿಲ್ಲ.

'ನೆಲಕ್ಕ ಕಲ್ಲು ಜೋಡಿಸ್ತಾರಲ್ಲ, ಹಂಗ' ಎಂದೆ. 'ಒಂದರ ಮಗ್ಗುಲಿಗೆ ಒಂದು. ನಡುವ ಸಂದಿ ಇರ್ತಿರಲಿಲ್ಲ. ಒಂದೊಂದರ ನಡುವ ಒಂದು ಚುಕ್ಕಿ. ಎಲ್ಲ್ಯಾರ ಸಂದಿ ಬಿದ್ರ ಅಕ್ಕಪಕ್ಕದವು ಸರಕೊಂಡು ಬಂದು ಮುಚ್ಚತಿದ್ವು.'

'ಬಣ್ಣ?'

'ಬಣ್ಣ ಇರಲಿಲ್ಲ. ನೀರಿನಂಗ. ಬೆಳಕು ಬಿದ್ರ ಅಂಚು ಹೊಳೀತಿತ್ತು.'

ಅವನು ತಲೆಯಾಡಿಸಿದ. ದೂರದಲ್ಲಿ ಹೊಸಪೇಟೆ ಬಸ್ಸು ಲಾರಿಗಳ ಹಿಂದೆ ಸಿಕ್ಕಿಕೊಂಡು ಹಾರ್ನು ಹೊಡೆಯುತ್ತಿತ್ತು.

'ನನ್ನೂ ಒಂದ್ಸಲ ಕರಕೊಂಡು ಹೋಗಬೇಕಿತ್ತು' ಎಂದ. ದೂರಿನ ಧಾಟಿಯಲ್ಲಿ ಹೇಳಲಿಲ್ಲ. ಬಸ್ಸು ಬಂತು. ಅವನು ಜನರ ನಡುವೆ ನುಗ್ಗಿ ನನಗೊಂದು ಸೀಟು ಹಿಡಿದುಕೊಟ್ಟು, ಕೆಳಗಿಳಿದು, ಬಸ್ಸು ಹೊರಡುವವರೆಗೂ ಕಿಟಕಿಯ ಕೆಳಗೆ ನಿಂತಿದ್ದ.